ನನಗೆಂದೇ ಬೇರೆ ಇಟ್ಟ ಬುತ್ತಿ

ಕೆರೆಯ ನಟ್ಟನಡುವೆ ಕಾರೊಂದು ನಿಂತಿತ್ತು. ಮುಳುಗಿರಲಿಲ್ಲ, ತೇಲುತ್ತಲೂ ಇರಲಿಲ್ಲ. ಸಂತೆಗೆ ಬಂದವರು ಮರದಡಿ ನಿಲ್ಲಿಸಿದ ಹಾಗೆ ಆರಾಮಾಗಿ ನಿಲ್ಲಿಸಿದ್ದರು. ಅದರ ಪಕ್ಕ ಮುದುಕನೊಬ್ಬ ಕೆರೆಗೆ ತೂತು ಕೊರೆದು, ದಾರ ಇಳಿಬಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದ. ನಾನು ಫಿನ್‌ಲೆಂಡಿಗೆ ಬಂದು ಏಳು ತಿಂಗಳಾಗಿತ್ತು. ಆದರೂ ದಡದಲ್ಲಿ ನಿಂತ ಕಾಲು ಮುಂದಕ್ಕೆ ಬರಲಿಲ್ಲ. ನಮ್ಮ ಮೊಳಕಾಲ್ಮೂರಿನ ಕಡೆ ಕೆರೆಯೊಳಗೆ ನಡೆಯುವುದು ನೀರು ಬತ್ತಿದಾಗ. ಇಲ್ಲಿ ನೀರು ತುಂಬಿರುವಾಗಲೇ ನಡೆಯಬೇಕು, ಮೇಲೆ ಮೊಳದಪ್ಪ ಮಂಜುಗಡ್ಡೆ ಇದೆಯೆಂದು ನಂಬಿಕೊಂಡು. ನಂಬುವ ಬುದ್ಧಿ ನನಗೆ ಮೊದಲೇ ಕಡಿಮೆ.

ನಾನು ನೇಕಾರರ ಮಗಳು. ಚಳ್ಳಕೆರೆಯಲ್ಲಿ ಎಂಟು ವರ್ಷ ನರ್ಸಾಗಿದ್ದೆ. ಈಗ ಇಲ್ಲಿಯ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ. ನನ್ನ ಪಕ್ಕದ ಮನೆಯವರು ಬಾಗಿಲಿನ ತೂತಿನಲ್ಲಿ ಕಣ್ಣಿಟ್ಟು ನೋಡಿ, ನಾನು ಮೆಟ್ಟಿಲಿಳಿದು ಹೋದ ಮೇಲೇ ಆಚೆ ಬರುತ್ತಾರೆ. ನನ್ನ ಬಣ್ಣ ಕಂಡು ಹೀಗೆ ಮಾಡುತ್ತಾರೆ ಎಂದು ತೀರ್ಮಾನಿಸಿದ್ದೆ. ಇಲ್ಲಿ ಎಲ್ಲರೂ ಎಲ್ಲರಿಗೂ ಹೀಗೇ, ಅದು ಮರ್ಯಾದೆ ಎಂದು ಐಲಾ ಹೇಳಿದಳು. ಅದನ್ನೂ ನಂಬಲಿಲ್ಲ. ಐಲಾ ನನ್ನ ಕೆಲಸದ ಮನೆಯಲ್ಲಿ ಬಟ್ಟೆ ಒಗೆಯುವ ಕೋಣೆ ನೋಡಿಕೊಳ್ಳುವ ಅರವತ್ತರ ಹೆಂಗಸು.

ಕೆಲಸ ಮುಂದುವರಿಸುವ ಕಾಗದಕ್ಕೆ ಸೋಮವಾರ ನಾನು ಸಹಿ ಹಾಕಬೇಕಿತ್ತು. ಹಾಕುವುದಿಲ್ಲ, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗುತ್ತೇನೆ ಎಂದು ಹೆಚ್ಚುಕಡಿಮೆ ನಿರ್ಧಾರವಾಗಿತ್ತು. ಏಳು ತಿಂಗಳಲ್ಲಿ ಒಬ್ಬರೂ ಬಾ ಎಂದು ಕರೆಯದ ಊರಿನಲ್ಲಿ ಯಾಕಿರಬೇಕು? ಹಾಗಿರುವಾಗ ಐಲಾ ಇದ್ದಕ್ಕಿದ್ದಂತೆ, ಶನಿವಾರ ಪಿಲ್ಕಿಗೆ ಬಾ ಎಂದಳು. ಪಿಲ್ಕಿ ಎಂದರೆ ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನು ಹಿಡಿಯುವುದು. ನನಗೆ ಸಂತೋಷವಾಗಲಿಲ್ಲ, ತಲೆಗೆ ಅನುಮಾನದ ಹುಳ ಹೊಕ್ಕಿತು. ಆ ವಾರವೆಲ್ಲ ಅವಳು ಹಂದಿ ತಿನ್ನುತ್ತೀಯಾ, ದನ ತಿನ್ನುತ್ತೀಯಾ ಎಂದು ವಿಚಾರಿಸಿದ್ದಳು. ಎರಡೂ ಇಲ್ಲ ಎಂದಿದ್ದೆ. ಫೋನಿನಲ್ಲಿ ಅಣ್ಣನ ಜೊತೆ ನನ್ನ ಹೆಸರೆತ್ತಿ ಪಿಸುಗುಟ್ಟುತ್ತಿದ್ದವಳು, ನಾನು ಒಳಗೆ ಬಂದರೆ ಸುಮ್ಮನಾಗುತ್ತಿದ್ದಳು.

ಅವ್ವನಿಗೆ ಫೋನು ಮಾಡಿದೆ. “ಹೋಗಂಗಿದ್ರೆ ಹೋಗು,” ಎಂದಳು. “ಅವ್ರು ಬಾಯಿಗಿಟ್ಕಂಡ ಮೇಲೇ ನೀ ತಿನ್ನು. ನಿಂಗೇ ಅಂತ ಬ್ಯಾರೆ ಇಟ್ಟಿದ್ರೆ ಮುಟ್ಟಬ್ಯಾಡ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟದಲ್ಲಿ ಮದ್ದು ಹಾಕುತ್ತಾರೆ, ತಿಂದವರು ದಿನದಿನಕ್ಕೆ ಸೊರಗುತ್ತಾರೆ, ಕಕ್ಕಿಸುವವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ ಎಂಬ ಭಯ. ಇದೆಲ್ಲ ಸುಳ್ಳು ಎಂದು ಚಳ್ಳಕೆರೆಯಲ್ಲಿ ಎಷ್ಟೋ ರೋಗಿಗಳಿಗೆ ನಾನೇ ಹೇಳಿದ್ದೇನೆ. ಆದರೂ ಬಸ್ಸಿನಲ್ಲಿ ಯಾರಾದರೂ ಬಿಸ್ಕತ್ತು ನೀಡಿದರೆ ಕಿಟಕಿಯ ಕಡೆ ತಿರುಗುವವಳು ನಾನೇ.

ಅದಕ್ಕೇ ನನ್ನ ಬುತ್ತಿ ನಾನೇ ಕಟ್ಟಿಕೊಂಡೆ. ಶೇಂಗಾ ಕೀಳಲು ಹೋಗುವವರ ಬುತ್ತಿ: ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ, ಒಂದು ಬಾಟಲಿ ಮಜ್ಜಿಗೆ. ಜೊತೆಗೆ ಅವ್ವ ಕಳಿಸಿದ್ದ ಶೇಂಗಾ ಉಂಡೆ, ಕೂರಲು ಚಳ್ಳಕೆರೆ ಕಂಬಳಿ. ಐಲಾ ಮುಂದೆ, ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಾನು ಹಿಂದೆ. ಕಾರಿನ ಪಕ್ಕ ಕೂತಿದ್ದ ಮುದುಕನೇ ಅವಳ ಅಣ್ಣ ಐನೋ.

ಒಂದು ಗಂಟೆಯೊಳಗೆ ನನ್ನ ಬುತ್ತಿಯ ಕಥೆ ಮುಗಿಯಿತು. ಮಜ್ಜಿಗೆ ಕಲ್ಲಾಯಿತು. ರೊಟ್ಟಿ ಹಲಗೆಯಾಯಿತು. ಈರುಳ್ಳಿ ಕಚ್ಚಿದರೆ ಹಲ್ಲು ಜುಮ್ಮೆಂದಿತು. ಬಿಸಿಲಲ್ಲಿ ದುಡಿಯುವವರ ಊಟ ಮೈ ತಂಪು ಮಾಡುವಂಥದ್ದು. ಇಲ್ಲಿ ಬೇಕಿದ್ದುದು ಒಲೆಗೆ ಸೌದೆ ಹಾಕಿದ ಹಾಗೆ ಒಳಗೆ ಉರಿಯುವಂಥದ್ದು. ಕೊಬ್ಬು, ಸಿಹಿ, ಬಿಸಿ, ಗಂಟೆಗೊಮ್ಮೆ ಸ್ವಲ್ಪಸ್ವಲ್ಪ. ಬುತ್ತಿಯನ್ನು ಚೀಲದಲ್ಲಲ್ಲ, ಕೋಟಿನೊಳಗೆ ಎದೆಗವಚಿ ಇಟ್ಟುಕೊಳ್ಳಬೇಕು. ಐನೋ ಜೇಬಿನಿಂದ ಸಣ್ಣ ಶೀಶೆ ತೆಗೆದಾಗ ಐಲಾ ಕಣ್ಣಲ್ಲೇ ಗದರಿದಳು. ಹೆಂಡ ಕುಡಿದರೆ ಬೆಚ್ಚಗಾದ ಹಾಗೆ ಅನಿಸುತ್ತದೆ ಅಷ್ಟೆ, ಮೈ ಇನ್ನೂ ತಣ್ಣಗಾಗುತ್ತದೆ ಎಂದು ನರ್ಸಾದ ನನಗೂ ಗೊತ್ತಿತ್ತು.

ಐಲಾ ಥರ್ಮಾಸಿನಿಂದ ಬಿಸಿಬಿಸಿ ಮೆಹು ಬಗ್ಗಿಸಿ ಮೊದಲು ನನಗೆ ಕೊಟ್ಟಳು. ಮೆಹು ಅಂದರೆ ಹಣ್ಣಿನ ರಸ. ಇದು ನೇರಳೆ ಬಣ್ಣದ್ದು. ಅವಳು ಕುಡಿಯಲಿಲ್ಲ, ನಾನು ಕುಡಿಯಲಿ ಎಂದು ನೋಡುತ್ತಿದ್ದಳು. ನನಗೆ ಎರಡು ಭಯ. ಒಂದು ಅವ್ವನದು. ಇನ್ನೊಂದು, ಕುಡಿದರೆ ಆಮೇಲೆ ಹೋಗುವುದೆಲ್ಲಿಗೆ ಎಂಬುದು. ದಿನವೂ ಬಸ್ಸಿನಲ್ಲಿ ಓಡಾಡಿದ ಹೆಂಗಸರಿಗೆ ನೀರು ಕುಡಿಯದೆ ಇರುವುದು ರೂಢಿ, ಇಲ್ಲಂತೂ ಮರೆಗೆ ಒಂದು ಜಾಲಿ ಗಿಡವೂ ಇಲ್ಲ. ಅವಳು ಆಕಡೆ ತಿರುಗಿದಾಗ ಲೋಟವನ್ನು ಬೆನ್ನ ಹಿಂದೆ ಚೆಲ್ಲಿದೆ. ಬೆಳ್ಳನೆಯ ಮಂಜಿನ ಮೇಲೆ ಮೊರದಗಲ ನೇರಳೆ ಕಲೆ ಹರಡಿತು. ಕಂಬಳಿ ಎಳೆದು ಮುಚ್ಚುವಷ್ಟರಲ್ಲಿ ಐಲಾ ನೋಡಿಬಿಟ್ಟಿದ್ದಳು. ಥರ್ಮಾಸಿನ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನದ ಹೊತ್ತಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು, ಬೆರಳಿಗೆ ದಾರ ಹಿಡಿದದ್ದು ಗೊತ್ತಾಗುತ್ತಿರಲಿಲ್ಲ. ಹೊಟ್ಟೆಗೆ ಬಿಸಿ ಬೀಳದಿದ್ದರೆ ಅಪಾಯ ಎಂದು ಓದಿದ ಬುದ್ಧಿ ಹೇಳುತ್ತಿತ್ತು. ಆಗ ಐಲಾ ಚೀಲದಿಂದ ದೊಡ್ಡದೊಂದು ಕಲಾಕುಕ್ಕೋ ತೆಗೆದು ಅಣ್ಣನ ಮುಂದಿಟ್ಟಳು. ರಾಗಿಮುದ್ದೆಯ ಬಣ್ಣದ ಗುಂಡನೆ ರೊಟ್ಟಿ, ಒಳಗೆ ಇಡಿಯಾಗಿ ಬೇಯಿಸಿದ ಸಣ್ಣ ಮೀನು. ಸುತ್ತಲೂ ಮುಚ್ಚಿರುವುದರಿಂದ ಒಳಗೇನಿದೆಯೋ ಹೊರಗಿನವರಿಗೆ ಕಾಣುವುದಿಲ್ಲ. ಆಮೇಲೆ ತನ್ನ ಕೋಟಿನೊಳಗಿನಿಂದ, ಟವೆಲಿನಲ್ಲಿ ಸುತ್ತಿದ ಪುಟ್ಟದೊಂದನ್ನು ತೆಗೆದಳು. ಅದರ ಮೇಲೆ ಚಾಕುವಿನ ಗುರುತಿತ್ತು. “ಇದು ನಿಂದು,” ಎಂದಳು.

ಅವ್ವನ ಮಾತು ನೆನಪಾಯಿತು. ಬೇರೆ ಇಟ್ಟದ್ದು, ಗುರುತು ಹಾಕಿದ್ದು, ಅವಳು ಬಾಯಿಗಿಡದೇ ಇರುವುದು. ನಾನು ನಗುನಗುತ್ತಲೇ ದೊಡ್ಡದಕ್ಕೆ ಕೈ ಹಾಕಿದೆ. ಐಲಾ ಪಟ್ಟನೆ ನನ್ನ ಕೈಗೆ ಹೊಡೆದಳು. ಅವಳ ಮಾತನ್ನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಕೇಳಿಸಿದ್ದು ಹಾಗೇ.

“ಬ್ಯಾಡ, ಅದ್ನ ಮುಟ್ಟಬ್ಯಾಡ! ಅದ್ರಾಗೆ ಹಂದಿ ಐತೆ. ಹಂದಿ ಇಲ್ದಂಗೆ ಮಾಡೋದೆಂಗೆ ಅಂತ ವಾರದಿಂದ ಇವನ್ನ ಕೇಳ್ತಿದ್ದೆ. ನಿಂಗೆ ಬೆಣ್ಣೆ ಹಾಕಿ ಬ್ಯಾರೆ ಮಾಡೀನಿ.”

ನಾಚಿಕೆಯಿಂದ ಮುಖ ಬಿಸಿಯಾಯಿತು. ಅಷ್ಟಾದರೂ ಅನುಮಾನ ಪೂರ್ತಿ ಬಿಡಲಿಲ್ಲ, ಸುಳ್ಳು ಯಾಕೆ ಹೇಳಲಿ. “ಸಿನಾ ಎನ್ಸಿನ್” ಎಂದೆ. ಮೊದಲು ನೀನು ಎಂದರ್ಥ. ಐಲಾ ನನ್ನನ್ನು ನೋಡಿದಳು, ಕಂಬಳಿಯ ಅಂಚಿನಲ್ಲಿ ಇಣುಕುತ್ತಿದ್ದ ನೇರಳೆ ಕಲೆಯನ್ನು ನೋಡಿದಳು. ನನಗೆಂದು ತಂದ ಆ ಪುಟ್ಟ ರೊಟ್ಟಿಯನ್ನು ಮುರಿದು, ಒಂದು ತುಂಡು ಬಾಯಿಗಿಟ್ಟು, ಅಗಿದು ನುಂಗಿ, ಬಾಯಿ ಅಗಲವಾಗಿ ತೆರೆದು ತೋರಿಸಿದಳು. ಮಾತ್ರೆ ನುಂಗಿದ್ದನ್ನು ಕೆಲಸದ ಮನೆಯ ಅಜ್ಜಿಯರು ನನಗೆ ದಿನಾ ತೋರಿಸುವುದು ಹೀಗೆಯೇ. ಐನೋ ಬಿದ್ದುಬಿದ್ದು ನಕ್ಕ.

ನಾನು ತಿಂದೆ. ಬೆಣ್ಣೆ ಹೀರಿದ ರೊಟ್ಟಿ ಅವಳ ಮೈಯ ಬಿಸಿಯಲ್ಲಿ ಇನ್ನೂ ಬೆಚ್ಚಗಿತ್ತು, ಮೀನಿನ ಮುಳ್ಳು ಕೂಡ ಮೆತ್ತಗೆ ಬೆಂದಿತ್ತು. ಎರಡು ಲೋಟ ಮೆಹು ಕುಡಿದೆ. ಶೇಂಗಾ ಉಂಡೆ ಮಾತ್ರ ಕಲ್ಲಾಗಿರಲಿಲ್ಲ. ನಾನೇ ಮೊದಲು ಕಚ್ಚಿ ಅವರಿಗೆ ಕೊಟ್ಟೆ. ಐನೋ ಮೂಸಿ ನೋಡಿ ಮೂರು ತಿಂದ. ಆಮೇಲೆ ದಡದ ಮರಗಳ ಮರೆಗೆ ಐಲಾಳೇ ಕರೆದುಕೊಂಡು ಹೋದಳು. ಸೋಮವಾರ ಸಹಿ ಹಾಕಿದೆ.

ಬೇಸಿಗೆಯಲ್ಲಿ ರಜೆಗೆ ಮೊಳಕಾಲ್ಮೂರಿಗೆ ಹೋದಾಗ, ಐಲಾ ಸುಟ್ಟುಕೊಟ್ಟ ಪುಟ್ಟ ಕಲಾಕುಕ್ಕೋವನ್ನು ಸೂಟ್‌ಕೇಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಹೋದೆ. ಅವ್ವ ಮಗ್ಗದಿಂದ ಎದ್ದು ಬಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಒಳಗೇನೈತೆ?”

“ಮೀನು.”

“ಯಾರ್ ಮಾಡಿದ್ದು?”

“ಐಲಾ.”

ಭಯವಾದರೆ ಅವ್ವನ ಮಾತು ತೆಲುಗಿಗೆ ಹೊರಳುತ್ತದೆ. “ಮುಂದು ನುವ್ವು ತಿನು,” ಎಂದಳು. ಮೊದಲು ನೀನು ತಿನ್ನು.

ಹುಟ್ಟಿದ ಮನೆಯಲ್ಲಿ ನಾನು ಹೊರಗಿನಿಂದ ಏನೋ ತಂದುಕೊಡುವವಳಾಗಿದ್ದೆ. ಒಂದು ತುಂಡು ಮುರಿದು, ಅಗಿದು, ನುಂಗಿ, ತಮಾಷೆಗೆಂಬಂತೆ ಬಾಯಿ ತೆರೆದು ತೋರಿಸಿದೆ. ಅವ್ವ ನಗಲಿಲ್ಲ. ಬಗ್ಗಿ ನಿಜವಾಗಿಯೂ ಒಳಗೆ ನೋಡಿದಳು. ಆಮೇಲೆ ಒಂದು ಚೂರು ತನ್ನ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು.

“ನಿಮ್ಮೋರು ಉಪ್ಪು ಕಮ್ಮಿ ತಿಂತಾರೆ ಕಣೇ,” ಎಂದಳು.