ಗೋಣಿಚೀಲ ತುರುಕಿದ ಕಿಟಕಿ

ದೆವ್ವ, ಶಕುನ, ಅಶರೀರವಾಣಿ ಇವುಗಳಲ್ಲಿ ಯಾವುದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿರುವುದು ನನಗೇ ಮುಜುಗರ. ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ವಾರಪತ್ರಿಕೆಯೊಂದಕ್ಕೆ ಗಿರಿಜಾ ಮೇಡಂ ಬಗ್ಗೆ ಬರೆಯಬೇಕಾಗಿ ಬಂತು. ಅವರು ಹುಬ್ಬಳ್ಳಿಯ ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಬಾಣಂತಿಯನ್ನೂ ಕೂಸನ್ನೂ ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ಸಂಶೋಧನೆ ನಡೆಸಿದ್ದರು. ಅವರು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿಯೇ ಬರೆಯೋಣವೆಂದು ಬೆನ್ನು ಬಿದ್ದೆ.

ಸಂಶೋಧನೆ ಎಂದರೆ ಪ್ರಶ್ನೆಗಳ ಹಾಳೆ ಹಿಡಿದು ಓಡಾಡುವುದು ಎಂದುಕೊಂಡಿದ್ದೆ. ಇವರೋ, ಹೋದ ಮನೆಯಲ್ಲಿ ನೆಲದ ಮೇಲೆ ಕೂತು ಒಣಗಿದ ಕೂಸಿನ ಬಟ್ಟೆ ಮಡಚತೊಡಗುತ್ತಿದ್ದರು. ಬಾಣಂತಿಯೂ ಜೊತೆಗೆ ಮಡಚುತ್ತ ಮಡಚುತ್ತ ಮನಸ್ಸು ಬಿಚ್ಚುತ್ತಿದ್ದಳು. ದೃಷ್ಟಿ ತಾಗಿ ಹಾಲು ಬತ್ತಿತು ಎಂದು ಒಬ್ಬಳು ಹೇಳಿದಾಗ ನಾನು ಕಷ್ಟಪಟ್ಟು ನಗು ತಡೆದುಕೊಂಡೆ. ಮೇಡಂ ಮಾತ್ರ, "ಹೌದೇನವಾ? ಅವತ್ತ ಊಟಾ ಏನ್ ಮಾಡಿದ್ದಿ? ನಿದ್ದಿ ಆಗಿತ್ತೇನು?" ಎಂದು ಮೆಲ್ಲಗೆ ಕೇಳಿದರು. ಅಷ್ಟು ಕೇಳಿದ್ದಕ್ಕೇ ಆ ಹುಡುಗಿ, ಹೆಣ್ಣು ಹುಟ್ಟಿತೆಂದು ಅತ್ತೆಮನೆಯವರು ಫೋನನ್ನೂ ಮಾಡಿಲ್ಲ ಎಂದು ಹೇಳಿ ಅತ್ತುಬಿಟ್ಟಳು. ಅಂದಿನಿಂದ ಮೇಡಂ ಮೇಲಿನ ನನ್ನ ಗೌರವ ಬೇರೆಯೇ ಆಯಿತು.

ಒಂದು ಮಧ್ಯಾಹ್ನ ಹಳೇ ಹುಬ್ಬಳ್ಳಿಯಲ್ಲಿ ಒಂದು ಮನೆಯ ಕೆಲಸ ಮುಗಿಸಿ ಆಟೋ ಹಿಡಿಯಲು ನಡೆದಿದ್ದೆವು. ದಾರಿಯಲ್ಲಿ ಬೇರೊಂದು ಓಣಿಯ ನಡುವೆ ನನಗೆ ಕೂಸು ಅಳುವುದು ಕೇಳಿಸಿತು. ಹಸಿಗೂಸಿನ ಅಳು, ಉಸಿರು ಕಟ್ಟುವಂತೆ. ಪಕ್ಕದ ಮನೆಯ ಸಣ್ಣ ಕಿಟಕಿಯಿಂದ ಬರುತ್ತಿತ್ತು. ಕಿಟಕಿಯಲ್ಲಿ ಸಂದಿ ಬಿಡದಂತೆ ಗೋಣಿಚೀಲ ತುರುಕಿದ್ದರು.

"ಎಷ್ಟ್ ಅಳಾಕತ್ತೈತಲ್ರಿ ಪಾಪ, ಕೂಸು" ಎಂದೆ.

ಮೇಡಂ ನಿಂತು ಕಿವಿಗೊಟ್ಟರು. "ನನಗೇನೂ ಕೇಳಿಸವಲ್ದ್ರಿ" ಎಂದರು. ನಂತರ ಒಂದು ಕ್ಷಣ ನನ್ನ ಮುಖ ನೋಡಿ, "ಬರ್ರಿ, ನೋಡೂಣು" ಎಂದು ಆ ಮನೆಯ ಕದ ತಟ್ಟಿದರು.

ಬಾಗಿಲು ತೆಗೆದವರು ಆ ಮನೆಯ ಬಾಣಂತಿಯ ತಾಯಿ. ಮೇಡಂ ಆ ಓಣಿಗೆ ಪರಿಚಿತರಾದ್ದರಿಂದ ಒಳಗೆ ಕರೆದರು. ಕೂಸು ಅಳುತ್ತಿದೆಯಲ್ಲ ಎಂದಿದ್ದಕ್ಕೆ ಅವರಿಗೆ ಆಶ್ಚರ್ಯ. "ಕೂಸು ಇಲ್ಲಿ ಇಲ್ಲರಿ. ನೀರ ಎರದ ಮ್ಯಾಲೆ ನನ್ನ ತಂಗಿ ಎತ್ಕೊಂಡ್ ಹ್ವಾದ್ಲು. ಹಿತ್ತಲ ಮನ್ಯಾಗ ಮಲಗೈತಿ."

"ಮಗಳು?"

"ಒಳಗ ಕಾಸಿಕೊಳ್ಳಾಕತ್ತಾಳ್ರಿ. ಈಗ ಕದಾ ತಗದ್ರ ಗಾಳಿ ಹೊಕ್ಕತ್ರಿ."

ಬಾಣಂತಿಗೆ ಗಾಳಿ ತಾಗಬಾರದೆಂದು ಕೋಣೆ ಮುಚ್ಚಿ, ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು ಮೈ ಕಾಯಿಸುವುದು ನಮ್ಮ ಕಡೆಯ ಪದ್ಧತಿ. ಮೇಡಂ ಹೊರಗಿನಿಂದಲೇ ಹುಡುಗಿಯನ್ನು ಕೂಗಿದರು. ಉತ್ತರ ಬರಲಿಲ್ಲ. ಮತ್ತೆ ಕೂಗಲಿಲ್ಲ, ಕದ ನೂಕಿಯೇಬಿಟ್ಟರು.

ಹುಡುಗಿ ಕಣ್ಣು ಅರೆ ತೆರೆದು ಬಿದ್ದಿದ್ದಳು. ಮೇಡಂ ಉಸಿರು ಬಿಗಿಹಿಡಿದು ಗೋಣಿಚೀಲ ಕಿತ್ತು, ಶೇಗಡಿಯನ್ನು ಹೊರಗೆಳೆದರು. ಮೂವರೂ ಸೇರಿ ಅವಳನ್ನು ಅಂಗಳಕ್ಕೆ ಹೊತ್ತು ತಂದೆವು. ಆಸ್ಪತ್ರೆಯಲ್ಲಿ ಡಾಕ್ಟರು, ಇದ್ದಿಲಿನ ವಿಷಗಾಳಿ, ಇನ್ನು ಸ್ವಲ್ಪ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು. ತಾಯಿ ಗೋಡೆಗೊರಗಿ ಕೂತಿದ್ದರು. ಅವರನ್ನು ಬೈಯಲು ನನ್ನ ನಾಲಿಗೆ ತುದಿಯಲ್ಲೇ ಮಾತಿತ್ತು. ಮೇಡಂ ಅವರ ಕೈ ಹಿಡಿದುಕೊಂಡು, "ಮಗಳ ಮ್ಯಾಲಿನ ಜೀವದಿಂದನ ಮಾಡೀರಿ. ಇನ್ನ ಮ್ಯಾಲೆ ಕಿಟಕಿ ತಗದಿರ್ಲಿ, ಕೆಂಡಾ ಹೊರಗಿರ್ಲಿ. ಬೆಚ್ಚಗಿನ ಬಟ್ಟಿ ಸಾಕು" ಎಂದರು. ಆ ತಾಯಿ ತಲೆಯಾಡಿಸುತ್ತಲೇ ಅತ್ತರು.

ಸಂಜೆ ಹುಡುಗಿಗೆ ಮಾತು ಬಂತು. ಅವಳು ತಾಯಿಗೆ ಆಡಿದ ಮೊದಲ ಮಾತು ಇದು. "ಕೂಸು ಭಾಳ ಅಳಾಕತ್ತಿತ್ತಬೇ. ಏಳಬೇಕಂದ್ರ ಕೈಕಾಲ ಬರಲಿಲ್ಲ."

"ಅದು ಆಗ ಎದ್ದ ಇರಲಿಲ್ಲವಾ, ಹಿತ್ತಲ ಮನ್ಯಾಗ ಮಲಗಿತ್ತು" ಎಂದರು ತಾಯಿ.

ವಿಷಗಾಳಿಗೆ ಅವಳಿಗೆ ಭ್ರಮೆಯಾಗಿರಬಹುದು, ಸರಿ. ಆದರೆ ನಾನು ನಿಂತಿದ್ದು ಹೊರಗೆ ಓಣಿಯಲ್ಲಿ, ತೆರೆದ ಗಾಳಿಯಲ್ಲಿ. ಬೇರೆ ಮನೆಯ ಕೂಸಿರಬೇಕೆಂದು ಮರುದಿನ ಹೋಗಿ ವಿಚಾರಿಸಿದೆ. ಆಗ ಆ ಓಣಿಯಲ್ಲಿ ಬೇರೆ ಹಸಿಗೂಸು ಇರಲಿಲ್ಲ. ಬೆಕ್ಕು, ಟಿವಿ, ಮೊಬೈಲು ಎಂದೆಲ್ಲ ಲೆಕ್ಕ ಹಾಕಿದೆ. ಯಾವುದೂ ನನಗೇ ಒಪ್ಪಿಗೆಯಾಗಲಿಲ್ಲ.

ಬಹಳ ದಿನ ತಡೆದು ಕೊನೆಗೊಮ್ಮೆ ಮೇಡಂ ಅವರನ್ನೇ ಕೇಳಿದೆ. ಅದು ಏನೆಂದು ತಮಗೂ ಗೊತ್ತಿಲ್ಲ ಎಂದರು. "ಮತ್ತ ನಿಮಗ ಏನೂ ಕೇಳಿಸಿರಲಿಲ್ಲಲ್ರಿ. ಹಂಗಿದ್ರ ಕದಾ ಯಾಕ್ ಬಡದ್ರಿ?" ಎಂದೆ.

ಇದೆಂಥ ಪ್ರಶ್ನೆ ಎಂಬಂತೆ ಅವರು ನನ್ನನ್ನೇ ನೋಡಿದರು.

"ನಿಮಗ ಕೇಳಿಸಿತ್ತಲ್ರಿ" ಎಂದರು.