ಗೋಡೆಗಿಂತ ಮೊದಲು ಬಂದ ಬಾಗಿಲುಗಳು

ಪಂಚಾಯಿತಿ ಮೆಂಬರ್ ನಾನೇ ಆದರೂ ನಮ್ಮೂರಿನಲ್ಲಿ ಯಾರಾದರೂ ‘ಮೆಂಬರ್ರೇ’ ಎಂದು ಕೂಗಿದರೆ ತಿರುಗಿ ನೋಡುವುದು ನಮ್ಮ ಯಜಮಾನರು. ಗೆದ್ದ ದಿನ ಹಾರ ಬಿದ್ದದ್ದೂ ಅವರ ಕೊರಳಿಗೇ. ನನಗೇನೂ ಬೇಸರವಾಗಲಿಲ್ಲ. ಹಾರದ ತುಂಬ ಕೆಂಪಿರುವೆ ಇದ್ದವು.

ಅವರು ಹಾನುಬಾಳು ಕಡೆ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆದುಕೊಂಡು ವಾರವೆಲ್ಲ ಅಲ್ಲೇ ಇರುತ್ತಾರೆ, ಭಾನುವಾರ ಊರಿಗೆ ಬಂದು ಮೆಂಬರ್ ಆಗುತ್ತಾರೆ. ಹಾಗಾಗಿ ವಾರದ ನಡುವೆ ತಹಶೀಲ್ದಾರರ ಜೀಪು ನಮ್ಮ ಅಂಗಳಕ್ಕೆ ಬಂದಾಗ ಮಾತಾಡಲು ನಾನೇ ಹೊರಗೆ ಬರಬೇಕಾಯಿತು.

“ಸುಡಾನಿಂದ ವಾಪಸ್ ಬಂದ ಕುಟುಂಬಗಳಮ್ಮ. ಮನೆ ಆಗೋವರ್ಗೂ ನಿಮ್ಮ ಸಮುದಾಯ ಭವನದಲ್ಲಿ ಇರ್ಲಿ. ಜಾಗ ಸರ್ಕಾರದ್ದು, ಮನೆ ದಾನಿಗಳದ್ದು. ನಡುವೆ ನೀವು ಸಮನ್ವಯ ಮಾಡ್ಕೊಂಡ್ರೆ ಸಾಕು” ಎಂದರು.

ಸಮನ್ವಯ ಎಂದರೇನೆಂದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಸರ್ಕಾರದವರು ದಾನಿಗಳಿಗೆ ಫೋನ್ ಮಾಡುವುದಿಲ್ಲ, ದಾನಿಗಳು ಸರ್ಕಾರದವರಿಗೆ ಮಾಡುವುದಿಲ್ಲ, ಇಬ್ಬರೂ ನನಗೇ ಮಾಡುತ್ತಾರೆ. ಅದೇ ಸಮನ್ವಯ.

ಬಂದವರು ಹಕ್ಕಿಪಿಕ್ಕಿ ಜನ. ಗಿಡಮೂಲಿಕೆಯ ಎಣ್ಣೆ ಕಾಯಿಸಿ ದೇಶದೇಶ ಸುತ್ತಿ ಮಾರುವವರು. ಸುಡಾನಿನಲ್ಲಿ ವ್ಯಾಪಾರ ಚೆನ್ನಾಗಿದೆಯೆಂದು ಹೆಂಡತಿ ಮಕ್ಕಳ ಸಮೇತ ಹೋಗಿದ್ದವರನ್ನು ಅಲ್ಲಿ ಯುದ್ಧ ಹಿಡಿದುಕೊಂಡಿತು. ಹಡಗು, ವಿಮಾನ, ಬಸ್ಸು ಎಲ್ಲ ಹತ್ತಿ ಇಳಿದು ಕೈಗೊಂದು ಚೀಲದಂತೆ ವಾಪಸ್ ಬಂದಿದ್ದರು. ಹಾಸನದ ಅಂಚಿನಲ್ಲಿ ಅವರಿದ್ದ ಬಾಡಿಗೆ ಮನೆಗಳಿಗೆ ಆಗಲೇ ಬೇರೆಯವರು ಬಂದಿದ್ದರು.

ಗುಂಪಿಗೆ ಹಿರಿಯಳಾದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಅಂದೆ. ಮೊದಲ ದಿನ ಕಾಫಿ ಕೊಟ್ಟು, ಅಲ್ಲಿ ಹೇಗಿತ್ತು ದೊಡ್ಡಮ್ಮ ಎಂದು ಕೇಳಿದೆ.

“ಬೀದೀಲಿ ಗುಂಡು ಕಣವ್ವ. ಬಾಗ್ಲಾಕ್ಕೊಂಡು ಒಳಗೆ ಕುಂತಿದ್ವಿ. ಅಕ್ಕಿ ಮುಗೀತು, ನೀರು ಮುಗೀತು. ಎಣ್ಣೆ ಬಾಟ್ಲು ಮಾತ್ರ ಮನೆ ತುಂಬ. ಎಣ್ಣೆ ತಲೆಗೆ ಹಚ್ಕಬೋದು, ಉಣ್ಣಕಾಯ್ತದಾ?” ಎಂದಳು. ನಕ್ಕಳು. ಲೋಟದ ತಳದ ಕಾಫಿಯನ್ನೂ ಬಿಡದೆ ಕುಡಿದಳು.

ಅವರು ಭವನದಲ್ಲಿ ಚಾಪೆ ಹಾಸಿದ ಮಾರನೆಯ ದಿನವೇ ಊರಿನ ರೈತರೊಬ್ಬರು ಮುಖ ಸಣ್ಣದು ಮಾಡಿಕೊಂಡು ಬಂದರು. “ಅಕ್ಕ, ಆ ಹಾಲ್‌ನಾಗೆ ನಮ್ಮುಡುಗೀ ಮದ್ವೆ ಐತಲ್ಲ, ಮರ್ತ್‌ಬುಟ್ರೇನು?”

ಮರೆತೇಬಿಟ್ಟಿದ್ದೆ. ನಾನು ತಡವರಿಸುವಷ್ಟರಲ್ಲಿ ದೊಡ್ಡಮ್ಮನೇ ಹೇಳಿದಳು: “ಅದಕ್ಯಾಕಪ್ಪ ಯೋಚ್ನೆ? ನಮ್ ಚೀಲ ಪಾತ್ರೆ ರೂಮಿಗೆ ಹಾಕ್ಕೊತೀವಿ. ಮದ್ವೆ ಮನೇಲಿ ಜನ ಹೆಚ್ಚಿದ್ರೆ ಒಳ್ಳೇದಲ್ವಾ?”

ಹಾಗೇ ಆಯಿತು. ಧಾರೆಯ ಹೊತ್ತಿಗೆ ಹಕ್ಕಿಪಿಕ್ಕಿ ಕುಟುಂಬಗಳೆಲ್ಲ ತಲೆ ಬಾಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದವು. ಪಕ್ಕದಲ್ಲಿ ಕೂತ ಗಂಡಿನ ಸೋದರಮಾವ ಎಲ್ಲಿಂದ ಬಂದಿರಿ ಎಂದು ಕೇಳಿದ್ದಕ್ಕೆ ಅವರು ಸುಡಾನಿಂದ ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಊಟದ ಹೊತ್ತಿಗೆ ಹೆಣ್ಣಿನ ಕಡೆಯವರೆಲ್ಲ ಫಾರಿನ್ನಿನಲ್ಲಿ ಇದ್ದಾರಂತೆ ಎಂಬ ಸುದ್ದಿ ಕುಂದೂರಿನ ತನಕ ಹೋಗಿತ್ತು. ಹೆಣ್ಣಿನ ಅಪ್ಪ ಅದನ್ನು ಅಲ್ಲಗಳೆಯಲು ಹೋಗಲಿಲ್ಲ.

ಇತ್ತ ಮನೆಯ ವಿಷಯ ನಿಂತಲ್ಲೇ ನಿಂತಿತ್ತು. ಮನೆ ಕಟ್ಟಿಸುವ ಸಂಸ್ಥೆಯ ಮೇಡಂ ಬೆಂಗಳೂರಿನಿಂದ ಫೋನ್ ಮಾಡಿ, “ಹಕ್ಕುಪತ್ರ ಬಂದ ಕೂಡಲೇ ಗೋಡೆ ಏಳಿಸ್ತೀವಿ” ಎನ್ನುವರು. ತಹಶೀಲ್ದಾರರು ಆಲೂರಿನಿಂದ ಫೋನ್ ಮಾಡಿ, “ಗೋಡೆ ಎದ್ದ ಕೂಡಲೇ ಹಕ್ಕುಪತ್ರ ಕೊಡ್ತೀವಿ” ಎನ್ನುವರು. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸಿ ಮುಟ್ಟಿಸಿ ನನಗೆ ಕಿವಿನೋವು ಬಂತು. ಭಾನುವಾರದ ಮೆಂಬರ್ ಹತ್ತಿರ ಹೇಳಿಕೊಂಡರೆ, “ಫೋನ್ ಎರಡೂ ಕಿವಿಗೆ ಸಮವಾಗಿ ಇಟ್ಕೊ” ಎಂದರು.

ಯಾರಿಗೂ ಕಾಯದವರೆಂದರೆ ಬಾಳ್ಳುಪೇಟೆಯ ಸಾಹೇಬರು. ಅವರದು ಲಾರಿ, ಮರದ ವ್ಯಾಪಾರ. ಅಷ್ಟೂ ಮನೆಗಳ ಬಾಗಿಲು ತಮ್ಮದು ಎಂದು ಒಪ್ಪಿಕೊಂಡಿದ್ದರು. ಒಂದು ಬೆಳಿಗ್ಗೆ ಚೌಕಟ್ಟು ಸಮೇತ ಬಾಗಿಲುಗಳನ್ನೆಲ್ಲ ಲಾರಿಯಲ್ಲಿ ತಂದು ಭವನದ ಮುಂದೆ ಇಳಿಸಿಬಿಟ್ಟರು.

“ಸಾಹೇಬ್ರೇ, ಗೋಡೇನೇ ಇಲ್ವಲ್ಲ!” ಎಂದೆ.

“ಗೋಡೆ ನಾನು ಒಪ್ಕೊಂಡಿಲ್ವಲ್ಲಮ್ಮ. ಬಾಗ್ಲು ಒಪ್ಕೊಂಡಿದ್ದೆ, ಬಾಗ್ಲು ಬಂತು.”

ಆಗ ದೊಡ್ಡಮ್ಮ ಹೊರಗೆ ಬಂದಳು. ಸಾಹೇಬರು ಮರ್ಯಾದೆಗೆ ಸಲಾಂ ಹೇಳಿದರು. ಅವಳು ಮರುಸಲಾಂ ಹೇಳಿದವಳು ಅಷ್ಟಕ್ಕೇ ನಿಲ್ಲಿಸದೆ, ಬಾಗಿಲು ತಟ್ಟಿ, ಕೀಲು ಮುಟ್ಟಿ, ಕೈ ತಿರುಗಿಸಿ ಸರಾಗವಾಗಿ ಅರಬ್ಬಿಯಲ್ಲಿ ಏನೇನೋ ಹೇಳತೊಡಗಿದಳು. ಸಾಹೇಬರು ಬೆಪ್ಪಾಗಿ ನಿಂತರು.

“ನಂಗೆ ಅರಬ್ಬಿ ಓದಕ್ಕೆ ಬರ್ತದೆ ತಾಯಿ, ಅದ್ರಲ್ಲಿ ಚೌಕಾಸಿ ಮಾಡಕ್ಕೆ ಬರಲ್ಲ. ಏನಂದ್ರಿ ಈಗ?”

“ಬಾಗ್ಲು ಚೆಂದಾಗಿದೆ, ಚಿಲಕ ಮಾತ್ರ ಸಣ್ಣದು ಅಂದೆ. ಮಾರೋ ಊರಿನ ಮಾತು ಕಲೀದಿದ್ರೆ ಎಣ್ಣೇನ ನಾವೇ ಹಚ್ಕೊಂಡು ಕೂರ್ಬೇಕಾಯ್ತದೆ ಸಾಹೇಬ್ರೇ.”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೆಯ ದಿನ ದೊಡ್ಡ ಚಿಲಕಗಳನ್ನು ಕಳಿಸಿದರು.

ಬಾಗಿಲುಗಳನ್ನು ಒಳಗೆ ಜೋಡಿಸಿದ ಮೇಲೆ ಭವನದಲ್ಲಿ ನಡೆದಾಡಲು ಜಾಗವಿಲ್ಲದಂತಾಯಿತು. ಒಂದು ಸಂಜೆ ದೊಡ್ಡಮ್ಮ ಬಂದು, “ಮೆಂಬರವ್ವ, ಗೃಹಪ್ರವೇಶ ಮಾಡ್ಬುಡಾಣ” ಎಂದಳು. ಮೆಂಬರವ್ವ ಎಂದು ನನ್ನನ್ನು ಕರೆದವಳು ಅವಳೊಬ್ಬಳೇ. ಆ ಸಂತೋಷಕ್ಕೆ, ಮನೆಯೇ ಇಲ್ಲ ಎನ್ನುವುದನ್ನೂ ಯೋಚಿಸದೆ ಹ್ಞೂಂ ಅಂದುಬಿಟ್ಟೆ.

ತಹಶೀಲ್ದಾರರಿಗೆ ಫೋನ್ ಮಾಡಿ, ಭಾನುವಾರದ ಗೃಹಪ್ರವೇಶಕ್ಕೆ ಮೇಡಂ ಬರುತ್ತಿದ್ದಾರೆ ಎಂದೆ. ಮೇಡಂಗೆ ಫೋನ್ ಮಾಡಿ ತಹಶೀಲ್ದಾರರು ಬರುತ್ತಿದ್ದಾರೆ ಎಂದೆ. ಹೇಳುವಾಗ ಎರಡೂ ಸುಳ್ಳು, ಭಾನುವಾರದ ಹೊತ್ತಿಗೆ ಎರಡೂ ನಿಜವಾದವು.

ಗೋಮಾಳದ ಇಳಿಜಾರಿನಲ್ಲಿ, ಮನೆಗಳು ಬರಬೇಕಾದ ಜಾಗದಲ್ಲಿ, ಗಂಡಸರು ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಬೀಳದ ಹಾಗೆ ಕೋಲು ಕೊಟ್ಟಿದ್ದರು. ಬಾಗಿಲುಗಳಿಗೆ ಮಾವಿನ ತೋರಣ, ಮುಂದೆ ರಂಗೋಲಿ. ಹಿಂದೆ ಹುಲ್ಲು, ಆಕಾಶ. ಮೊದಲನೆಯ ಬಾಗಿಲಲ್ಲಿ ದೊಡ್ಡಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಚಾಪೆ ಹಾಸಿ ಅಕ್ಕಿರೊಟ್ಟಿ, ಕಾಯಿಚಟ್ನಿ ಇಟ್ಟಿತ್ತು.

ತಹಶೀಲ್ದಾರರು ಜೀಪಿನಿಂದ ಇಳಿದು ನೇರ ಚಾಪೆಯತ್ತ ನಡೆದರು.

“ಸ್ವಾಮಿ, ಸ್ವಾಮಿ! ಅದು ಗೋಡೆ. ಗೋಡೆ ತೂರ್ಕೊಂಡು ಬರ್‌ಬ್ಯಾಡಿ!”

ದೊಡ್ಡಮ್ಮ ಕೂಗಿದ್ದಕ್ಕೆ ಅವರು ಬೆಚ್ಚಿ ಹಿಂದೆ ಸರಿದರು. ಸುತ್ತಿಕೊಂಡು ಬಂದು, ತಲೆ ಬಗ್ಗಿಸಿ, ಹೊಸ್ತಿಲು ದಾಟಿ ಒಳಗೆ ಬಂದರು. ಅಷ್ಟರಲ್ಲಿ ಬಂದ ಮೇಡಂ ಯಾರೂ ಹೇಳದೆಯೇ ಚಪ್ಪಲಿ ಹೊರಗೆ ಬಿಟ್ಟರು. ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ ನಮ್ಮ ಯಜಮಾನರು ಗೊತ್ತಿಲ್ಲದೆ ಅಡುಗೆಮನೆಯಲ್ಲಿ ನಿಂತು ಬೈಸಿಕೊಂಡರು.

“ಈ ಕಡೆ ಆನೆ ಬರಲ್ವಾ?” ಎಂದು ತಹಶೀಲ್ದಾರರು ಕಾಫಿ ತೋಟಗಳ ಕಡೆ ನೋಡಿದರು.

“ಬಂದ್ರೆ ಬಾಗ್ಲಲ್ಲೇ ಬರ್ಲಿ” ಎಂದಳು ದೊಡ್ಡಮ್ಮ.

ಒಂದೇ ಚಾಪೆಯ ಮೇಲೆ ರೊಟ್ಟಿ ತಿನ್ನುತ್ತ ತಹಶೀಲ್ದಾರರೂ ಮೇಡಂ ಅವರೂ ಮೊದಲ ಸಲ ಎದುರುಬದುರು ಮಾತಾಡಿದರು. ನಾನು ಚಟ್ನಿ ಬಡಿಸುತ್ತ ಕೇಳಿಸಿಕೊಂಡೆ.

“ನಮಗೆ ಪೂರ್ತಿ ಗೋಡೆ ಬೇಡ ಮೇಡಂ, ಪಾಯ ಕಂಡ್ರೂ ಸಾಕು, ಹಕ್ಕುಪತ್ರ ಬರೀಬೋದು.”

“ಪಾಯಕ್ಕೆ ಹಕ್ಕುಪತ್ರ ಬೇಕಿಲ್ಲ ಸರ್. ಸರ್ವೆಯವರು ಬಂದು ಜಾಗ ಗುರುತು ಮಾಡಿಕೊಟ್ರೆ ನಾಳೆನೇ ಅಗೀತೀವಿ.”

“ಅಷ್ಟೇನಾ?”

“ಅಷ್ಟೇ.”

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು, “ಅಷ್ಟಕ್ಕೆ ನಾವು ಇಷ್ಟು ದಿನ ಕಂಡೋರ ಮದ್ವೆ ಊಟ ಉಂಡ್ವಾ?” ಎಂದಳು. ಮೊದಲು ನಕ್ಕವರು ತಹಶೀಲ್ದಾರರೇ, ಅದಕ್ಕೆ ನಾನು ಅವರನ್ನು ಈಗಲೂ ಮೆಚ್ಚುತ್ತೇನೆ.

ಆ ವಾರವೇ ಸರ್ವೆಯವರು ಬಂದರು. ಮಳೆಗೆ ಮುಂಚೆ ಪಾಯ ಬಿತ್ತು, ಮಳೆ ಹೊಳವಾದ ಮೇಲೆ ಗೋಡೆಗಳೆದ್ದವು, ಹಕ್ಕುಪತ್ರಗಳೂ ಬಂದವು. ಯಾರ ಬೋರ್ಡು ದೊಡ್ಡದಿರಬೇಕು ಎಂದು ಸರ್ಕಾರದವರಿಗೂ ಸಂಸ್ಥೆಯವರಿಗೂ ಸಣ್ಣ ಜಗಳವಾಗಿ, ನನ್ನ ಕಿವಿ ಮತ್ತೊಂದು ಸುತ್ತು ಕಾದದ್ದು ಬೇರೆ ಮಾತು. ದೀಪಾವಳಿಗೆ ಮುಂಚೆ ಅವರೆಲ್ಲ ಮನೆ ಸೇರಿದರು.

ಆ ಹಬ್ಬದ ಸಂಜೆ ಊರಿನ ಹುಡುಗರು ಸರಪಟಾಕಿ ಹಚ್ಚಿದಾಗ ಹೊಸ ಮನೆಗಳಿಂದ ಕಿರುಚಾಟ ಕೇಳಿಸಿತು. ಓಡಿಹೋಗಿ ನೋಡಿದರೆ ಮಕ್ಕಳೆಲ್ಲ ಮಂಚದ ಕೆಳಗೆ, ಕಿವಿ ಮುಚ್ಚಿಕೊಂಡು. ಅವರ ಜೊತೆ ದೊಡ್ಡಮ್ಮನೂ. ಯಾರಿಗೂ ಹೆದರದ ಆ ಹೆಂಗಸಿನ ಮುಖ ಬಿಳಿಚಿಕೊಂಡಿತ್ತು. ನಾನೂ ಬಗ್ಗಿ ಮಂಚದ ಕೆಳಗೇ ಹೋಗಿ ಕೂತೆ. ಬೇರೇನು ಮಾಡಬೇಕೋ ತೋಚಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು, “ಇದು ಬರೀ ಕಾಗ್ದದ ಸದ್ದು, ಅಲ್ವೇನವ್ವ?” ಎಂದಳು.

“ಹೂಂ ದೊಡ್ಡಮ್ಮ, ಕಾಗ್ದದ್ದೇ.”

ಎದ್ದು ಸೀರೆ ಕೊಡವಿಕೊಂಡು ಸೀದಾ ಊರೊಳಗೆ ನಡೆದಳು. ಹುಡುಗರನ್ನು ಬಯ್ಯಲಿಲ್ಲ, ಅವರ ಪಕ್ಕ ಕೂತು ನಡೆದದ್ದೆಲ್ಲ ಹೇಳಿದಳಂತೆ. ಅವರು ಉಳಿದ ಪಟಾಕಿ ಹೊತ್ತುಕೊಂಡು ಕೆರೆಯಾಚೆ ಹೋದರು. ಹೋಗುವ ಮುಂಚೆ ಒಂದು ಪೆಟ್ಟಿಗೆ ಸುರಸುರಬತ್ತಿಯನ್ನು ಹೊಸ ಮನೆಗಳಿಗೆ ಕೊಟ್ಟರು. ಮಕ್ಕಳು ಮೊದಲು ಕಿಟಕಿಯಿಂದ ನೋಡಿದರು, ಆಮೇಲೆ ಹೊಸ್ತಿಲಿಂದ, ಆಮೇಲೆ ಅಂಗಳದಿಂದ. ಹಬ್ಬದ ಕೊನೆಯ ದಿನ ಅವರೇ ಬತ್ತಿಗೆ ಜಗಳವಾಡುತ್ತಿದ್ದರು.