ಹಲ್ವಕ್ಕೆ ಬಿದ್ದ ತುಪ್ಪ

ಮೇಲಿನ ಮನೆ ಆಂಟಿ ಹತ್ತೊಂಬತ್ತು ವರ್ಷ ನಮ್ಮ ಮನೆಯಲ್ಲಿ ಒಂದು ತುತ್ತೂ ತಿನ್ನಲಿಲ್ಲ. ದಿನಕ್ಕೆರಡು ಸಲ ಇಳಿದು ಬರುತ್ತಿದ್ದರು. ಅಮ್ಮನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು, ನನಗೆ ಜ್ವರ ಬಂದರೆ ಕಷಾಯ ಕಾಸಿ ತರುತ್ತಿದ್ದರು. ಆದರೆ ಕಾಫಿ ಅಂದರೆ ಸೋಮವಾರ ಉಪವಾಸ, ಮಂಗಳವಾರ ಈಗ ತಾನೇ ಕುಡಿದೆ, ಬುಧವಾರ ಹೊಟ್ಟೆ ಸರಿ ಇಲ್ಲ. ಬಾಳೆಹಣ್ಣು ಕೊಟ್ಟರೆ ಮಾತ್ರ ಸಿಪ್ಪೆ ಸಮೇತ ಮೇಲಕ್ಕೆ ತೆಗೆದುಕೊಂಡು ಹೋಗುತ್ತಿದ್ದರು. ನಾವಾದರೋ ಅವರ ಮನೆಯ ಜೋಳದ ರೊಟ್ಟಿ, ಎಣ್ಣೆಗಾಯಿ ತಟ್ಟೆ ತುಂಬ ಬಡಿಸಿಕೊಂಡು ತಿನ್ನುತ್ತಿದ್ದೆವು. ಕಾರಣ ಗೊತ್ತಿಲ್ಲದ್ದೇನಲ್ಲ. ಅವರು ದಾವಣಗೆರೆ ಕಡೆಯ ಲಿಂಗಾಯತರು, ನಮ್ಮದು ಮಾಂಸ ಬೇಯುವ ಮನೆ. ಗೊತ್ತಿದ್ದೂ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ನಾವು ಯಹೂದಿಗಳು. ಆರ್‌ಪಿಸಿ ಲೇಔಟ್‌ನ ನಮ್ಮ ರಸ್ತೆಯಲ್ಲಿ ಹಾಗೆಂದರೆ ಎದುರಿನವರು ಒಂದು ಕ್ಷಣ ಯೋಚಿಸಿ, "ಓ, ಗುಜರಾತ್ ಕಡೆಯೋರಾ?" ಅನ್ನುತ್ತಾರೆ. ಅಪ್ಪ ಕೊಂಕಣದ ಕರಾವಳಿಯಿಂದ ಕಾರ್ಖಾನೆ ಕೆಲಸಕ್ಕೆಂದು ರಾಜಾಜಿನಗರಕ್ಕೆ ಬಂದವರು. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ, ಹೀಗೆ ಬೆಳೆದವಳು ನಾನು. ಬಸವೇಶ್ವರನಗರದ ಒಂದು ಪುಟ್ಟ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಹಾಗಾಗಿ ಶಾಲೆಯಲ್ಲೂ ರಸ್ತೆಯಲ್ಲೂ ಎಲ್ಲರಿಗೂ ನಾನು ಮಿಸ್.

ನನ್ನ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುತ್ತಾಳೆ, ಸುಳ್ಳಲ್ಲ. ಇಪ್ಪತ್ತೆಂಟು ಪುಟಾಣಿಗಳ ಮುಂದೆ ಆ ಕೋಪ ನಡೆಯುವುದಿಲ್ಲ. ಬಣ್ಣದ ನೀರು ಚೆಲ್ಲಿ ನಿಂತ ಮಗುವನ್ನು "ಯಾಕೆ ಚೆಲ್ಲಿದೆ?" ಎಂದು ಕೇಳಿದರೆ ಅದು ಅಳುತ್ತದೆ, ಅದನ್ನು ನೋಡಿ ಉಳಿದವೂ ಅಳುತ್ತವೆ. "ಈಗ ಏನು ಮಾಡೋಣ?" ಎಂದು ಕೇಳಿದರೆ ತಾನೇ ಓಡಿಹೋಗಿ ಒರೆಸುವ ಬಟ್ಟೆ ತರುತ್ತದೆ. ಇಷ್ಟು ಕಲಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಇನ್ನು ಹಲ್ವದ ವಿಷಯ. ನಮ್ಮ ಹೊಸ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬರುತ್ತದೆ. ಆ ಸಂಜೆಯ ಊಟಕ್ಕೆ ಗೋಧಿ ಹಲ್ವ ಇರಲೇಬೇಕು. ಗೋಧಿ ಮೂರು ದಿನ ನೆನೆಯಬೇಕು. ರುಬ್ಬಿ, ಹಿಂಡಿ, ಆ ಹಾಲಿಗೆ ತೆಂಗಿನಹಾಲು, ಸಕ್ಕರೆ ಬೆರೆಸಿ ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡದೆ ತಿರುವಬೇಕು. ಕೈ ನಿಂತರೆ ತಳ ಹಿಡಿಯಿತು ಅಂತಲೇ. ತುಪ್ಪ ಒಂದು ಹನಿಯೂ ಇಲ್ಲ, ಹಸುವಿನ ಹಾಲೂ ಇಲ್ಲ. ಯಾಕೆಂದರೆ ಆ ಸಂಜೆ ಮಟನ್ ಊಟ. ಮಾಂಸದ ಜೊತೆ ಹಾಲಿನದು ಯಾವುದನ್ನೂ ನಾವು ಒಂದೇ ಊಟದಲ್ಲಿ ತಿನ್ನುವುದಿಲ್ಲ. ನಮ್ಮ ಪದ್ಧತಿಯಂತೆ ಕೊಯ್ದ ಮಾಂಸ ಇಲ್ಲಿ ನಮಗೆ ಸಿಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಸೋದರಮಾವ ಮುಂಬೈಯಿಂದ ರೈಲಿನಲ್ಲಿ ಐಸ್ ಡಬ್ಬಿಯಲ್ಲಿ ತರುತ್ತಿದ್ದರು. ಅಮ್ಮ ಅದಕ್ಕಾಗಿ ಇಡೀ ವರ್ಷ ಕಾಯುತ್ತಿದ್ದಳು.

ಅಮ್ಮನಿಗೆ ಎಪ್ಪತ್ತೆಂಟಾದಾಗ ತೋಳು ಸೋತು ಸೌಟು ನನ್ನ ಕೈಗೆ ಬಂತು. ಮೊದಲ ವರ್ಷವೇ ನಾನು ಅವಸರ ಮಾಡಿ ಬೇಗ ಇಳಿಸಿದೆ. ಹಲ್ವ ಗಟ್ಟಿಯಾಗದೆ ಗಂಜಿಯಾಗಿ, ಚಮಚದಲ್ಲಿ ತಿಂದೆವು. "ಮುಂದಿನ ವರ್ಷವೂ ಹಿಂಗೇ ಆದ್ರೆ ಸಾಕು ಮಾಡಿಬಿಡೋಣ. ಬೇಕರಿಯಿಂದ ಏನಾದ್ರೂ ತಂದ್ರಾಯ್ತು" ಎಂದಳು ಅಮ್ಮ. ಅವಳು ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ. ಸುಸ್ತಾದ ದನಿಯಲ್ಲಿ ಹೇಳಿದಳು. ಅಜ್ಜಿ ಮಾಡಿದ ಹಲ್ವ, ಅವಳಮ್ಮ ಮಾಡಿದ ಹಲ್ವ ನನ್ನ ಕೈಯಲ್ಲಿ ನಿಂತುಹೋಗುವುದೇ? ಏನಾದರೂ ಸರಿ, ಮಾಡಿಯೇ ತೀರುತ್ತೇನೆ ಎಂದುಕೊಂಡೆ.

ಮರುವರ್ಷ ಹಬ್ಬದ ದಿನ ರಜೆ ಹಾಕಿ ಮಧ್ಯಾಹ್ನ ಎರಡಕ್ಕೇ ಅಟ್ಟದಿಂದ ಹಿತ್ತಾಳೆ ಬಾಣಲೆ ಇಳಿಸಿದೆ. ಹಲ್ವಕ್ಕೆಂದೇ ಬೇರೆ ಇಟ್ಟ ಬಾಣಲೆ ಅದು. ತೋಳಿಗೆ ತೋಳು ಬೇಕಲ್ಲ, ಆಂಟಿಯನ್ನು ಕರೆದೆ. ಸೆರಗು ಸಿಕ್ಕಿಸಿಕೊಂಡು ಬಂದರು. ನಾನು ಅರ್ಧ ಗಂಟೆ, ಅವರು ಅರ್ಧ ಗಂಟೆ. ಅಮ್ಮ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು "ತಳ ಮುಟ್ಟಿಸಿ ತಿರುವು" ಎಂದು ಅಪ್ಪಣೆ ಕೊಡುತ್ತ ಕೊಡುತ್ತ ಹಾಗೇ ತೂಕಡಿಸಿದಳು.

ನಾಲ್ಕೂಮುಕ್ಕಾಲಿಗೆ ಹಲ್ವ ಅಂಚು ಬಿಡತೊಡಗಿತು. ಸೌಟು ಆಂಟಿಯ ಕೈಯಲ್ಲಿತ್ತು. ಆಗಲೇ ನನ್ನ ಫೋನ್ ರಿಂಗಾಗಬೇಕೇ? ಒಂದು ಮಗುವಿನ ತಾಯಿ. ಇವತ್ತು ಮಿಸ್ ಯಾಕೆ ಬರಲಿಲ್ಲ ಎಂದು ಮಗಳು ಊಟ ಬಿಟ್ಟು ಕೂತಿದ್ದಾಳಂತೆ. ಹೊರಗೆ ಹೋಗಿ ಮಗುವಿನ ಜೊತೆ ಮಾತಾಡಿ, ಅದರ ಬಾಯಲ್ಲಿ ಅನ್ನದ ತುತ್ತು ಬಿದ್ದ ಮೇಲೆ ಒಳಗೆ ಬಂದೆ. ಅಡುಗೆಮನೆಯೆಲ್ಲ ತುಪ್ಪದ ಘಮ.

"ತುಪ್ಪನೇ ಹಾಕಿಲ್ಲಲ್ರೀ ಮಿಸ್, ಫೋನ್ ಗಡಿಬಿಡಿಲಿ ಮರ್ತೀರಿ ಅಂದ್ಕಂಡೆ. ಮೇಲಿಂದ ನಮ್ಮೆಜಮಾನ್ರ ಕೈಲಿ ತರಿಸ್ದೆ. ದಾವಣಗೆರೆ ಬೆಣ್ಣೆ ಕಾಸಿದ್ದು!" ಆಂಟಿ ತಿರುವುತ್ತಲೇ ನಗುತ್ತ ಹೇಳಿದರು. ಪಕ್ಕದಲ್ಲಿ ಖಾಲಿ ಬಟ್ಟಲಿತ್ತು.

ಬೈಯಲು ಬಾಯಿ ತೆರೆದೇಬಿಟ್ಟಿದ್ದೆ. ಹತ್ತೊಂಬತ್ತು ವರ್ಷ ನಮ್ಮ ಲೋಟ ಮುಟ್ಟದವರು ನಮ್ಮ ಬಾಣಲೆಗೆ ಕೈ ಹಾಕಿದರಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ನನ್ನ ಮುಖ ನೋಡಿ ಆಂಟಿಯ ನಗು ಇಳಿಯಿತು. ಥೇಟ್ ಬಣ್ಣದ ನೀರು ಚೆಲ್ಲಿದ ಮಗುವಿನ ಮುಖ.

"ಆಂಟಿ, ಕೈ ನಿಲ್ಲಿಸ್ಬೇಡಿ" ಎಂದೆ. ಆಮೇಲೆ ಅಮ್ಮನನ್ನು ಎಬ್ಬಿಸಿ ಕೇಳಿದೆ, "ಹಲ್ವಕ್ಕೆ ತುಪ್ಪ ಬಿದ್ದಿದೆ. ಈಗ ಏನ್ ಮಾಡೋಣ?"

ಅಮ್ಮ ಮೂಗರಳಿಸಿದಳು. ಸೂರ್ಯ ಮುಳುಗಲು ಒಂದೂವರೆ ಗಂಟೆಯೂ ಇರಲಿಲ್ಲ. ಇನ್ನೊಂದು ಹಲ್ವ ಆಗುವ ಮಾತೇ ಇಲ್ಲ. ಮಟನ್ ಇಟ್ಟರೆ ಹಲ್ವ ಇಲ್ಲ, ಹಲ್ವ ಇಟ್ಟರೆ ಮಟನ್ ಇಲ್ಲ. ಅವಳು ಫ್ರಿಜ್ಜಿನ ಕಡೆ ನೋಡಿದಳು, ಬಾಣಲೆಯ ಕಡೆ ನೋಡಿದಳು, ಕೊನೆಗೆ ಆಂಟಿಯ ಕಡೆ ನೋಡಿದಳು.

"ಮಟನ್ ನಾಳೆ ಮಧ್ಯಾಹ್ನಕ್ಕಾಯ್ತು. ಇವತ್ತು ಬರೀ ತರಕಾರಿ ಊಟ. ಈ ಬಾಣಲೆ ಇನ್ಮೇಲೆ ಹಾಲಿನ ಕಡೆಗೆ" ಎಂದಳು.

ಆಂಟಿಗೆ ಒಂದೂ ಅರ್ಥವಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು "ಏನ್ ತಪ್ಪಾತ್ರೀ ಅಮ್ಮ?" ಎಂದರು. ಅಮ್ಮ ಎದ್ದು ಎರಡು ಕಪಾಟನ್ನೂ ತೆರೆದಳು. ಒಂದರಲ್ಲಿ ಮಾಂಸದ ಪಾತ್ರೆಗಳು, ಒಂದೊಂದರ ಹಿಡಿಗೂ ಕೆಂಪು ನೇಲ್‌ಪಾಲಿಶ್ ಬೊಟ್ಟು. ಇನ್ನೊಂದರಲ್ಲಿ ಹಾಲಿನ ಪಾತ್ರೆ, ತಟ್ಟೆ, ಲೋಟ, ಚಮಚ. "ಇದು ಅದಕ್ಕೆ ತಾಗಬಾರದಮ್ಮ. ತೊಳೆಯೋ ನಾರೂ ಬೇರೆ. ನಮ್ಮಮ್ಮನ ಕಾಲದಿಂದ ಹಿಂಗೇ" ಎಂದಳು.

ಆಂಟಿ ಸೌಟನ್ನು ನನ್ನ ಕೈಗಿಟ್ಟು ಎರಡನೇ ಕಪಾಟಿನ ಹತ್ತಿರ ಹೋದರು. ಒಂದು ಸ್ಟೀಲ್ ತಟ್ಟೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹಂಗಾರೆ ಇದ್ರಾಗೆ ಒಂದ್ಸಲನೂ ಮಾಂಸ ಹಾಕಿಲ್ಲೇನ್ರೀ?"

"ಒಂದ್ಸಲನೂ ಇಲ್ಲ."

"ಮದ್ಲೇ ಹೇಳಾಕೇನಾಗಿತ್ರೀ ಮಿಸ್?"

"ನೀವ್ ಕೇಳ್ಲೇ ಇಲ್ವಲ್ಲ ಆಂಟಿ!"

ನಮ್ಮ ಮನೆಯ ಕಟ್ಟುನಿಟ್ಟು ಅವರದಕ್ಕಿಂತ ಒಂದು ಕೈ ಮೇಲೇ ಎಂದು ಅವರಿಗೆ ಆವತ್ತು ಗೊತ್ತಾಯಿತು. ಇಷ್ಟು ವರ್ಷ ಬಾಯಿ ಬಿಟ್ಟು ಹೇಳದೆ ಬಿಗುಮಾನ ಮಾಡಿಕೊಂಡಿದ್ದವಳು ನಾನೇ ಎಂದು ನನಗೂ ಗೊತ್ತಾಯಿತು. ಆಂಟಿ ತಟ್ಟೆ ಕೆಳಗಿಡಲಿಲ್ಲ. "ಹಂಗಾರೆ ರಾತ್ರಿ ಊಟಕ್ಕೆ ನಾವಿಬ್ರೂ ಬರ್ತೀವಿ. ರೊಟ್ಟಿ ನಾ ತರ್ತೀನಿ" ಎಂದರು.

ಇನ್ನೂ ಇಪ್ಪತ್ತು ನಿಮಿಷ ತಿರುವಿದೆ. ತೋಳು ಬಿದ್ದುಹೋಗುತ್ತದೆ ಅನ್ನಿಸಿದರೂ ಈ ಸಲ ಅವಸರ ಮಾಡಲಿಲ್ಲ. ಅಮ್ಮ ಒಂದು ಚೂರು ತೆಗೆದು, ಆರಿಸಿ, ಬೆರಳ ನಡುವೆ ಉಂಡೆ ಕಟ್ಟಿ ನೋಡಿದಳು. ಬೆರಳಿಗೆ ಅಂಟಲಿಲ್ಲ. "ಇಳಿಸು" ಎಂದಳು. ತಟ್ಟೆಗಳಿಗೆ ಸುರಿದು, ಬಾದಾಮಿ ಚೂರು ಉದುರಿಸಿದೆವು. ದೀಪ ಹಚ್ಚುವ ಹೊತ್ತಿಗೆ ಚಾಕು ಇಟ್ಟರೆ ವಜ್ರದಾಕಾರದ ತುಂಡುಗಳು ಸಲೀಸಾಗಿ ಎದ್ದು ಬಂದವು. ಗೆದ್ದೆ! ಬಸವೇಶ್ವರನಗರದವರೆಗೂ ಕೇಳುವ ಹಾಗೆ ಕೂಗಬೇಕು ಅನ್ನಿಸಿತು.

ಮೇಜಿನ ಮೇಲೆ ಜೇನು ಹಚ್ಚಿದ ಸೇಬು, ಕುಂಬಳಕಾಯಿ, ಅಲಸಂದೆ, ಖರ್ಜೂರ, ದಾಳಿಂಬೆ. ಸಂಜೆ ಕೆಲಸದಿಂದ ಬಂದ ನನ್ನ ಗಂಡ ಪ್ರಾರ್ಥನೆ ಹೇಳಿ ಒಣದ್ರಾಕ್ಷಿಯ ಶರಬತ್ತು ಹಂಚಿದಾಗ, ನಿವೃತ್ತ ಅಧಿಕಾರಿಯಾದ ಅಂಕಲ್ ಲೋಟ ಮೂಸಿ, "ಇದು ಬರೀ ದ್ರಾಕ್ಷಿ ತಾನೇ ಸಾರ್?" ಎಂದು ಖಚಿತಪಡಿಸಿಕೊಂಡರು. ಆಂಟಿ ಮೊದಲು ತರಕಾರಿ ತಿಂದರು, ಕೊನೆಗೆ ಹಲ್ವಕ್ಕೆ ಕೈ ಹಾಕಿದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ನಿಧಾನವಾಗಿ ಅಗಿದು, ನುಂಗಿ, ಖಾಲಿ ತಟ್ಟೆ ನನ್ನ ಕಡೆ ಚಾಚಿದರು.

"ಇನ್ನೊಂದು ತುಂಡು ಹಾಕ್ರೀ ಮಿಸ್."

ಒಂದಲ್ಲ, ಎರಡು ತುಂಡು ಹಾಕಿದೆ.

ಈ ವರ್ಷ ಹಬ್ಬಕ್ಕೆ ಮೂರು ದಿನ ಇರುವಾಗ ಗೋಧಿ ನೆನೆಹಾಕಿ, ಮಟನ್ ತರಲು ಮಾವನಿಗೆ ಫೋನ್ ಮಾಡಲೇ ಎಂದು ಅಮ್ಮನನ್ನು ಕೇಳಿದೆ. "ತರಲಿ, ಮರುದಿನಕ್ಕೆ" ಎಂದಳು. ಆಮೇಲೆ ಗೋಡೆ ಹಿಡಿದುಕೊಂಡು ಮೆಟ್ಟಿಲ ಬಳಿ ಹೋಗಿ, ಮೇಲಕ್ಕೆ ಮುಖ ಮಾಡಿ ಕೂಗಿದಳು:

"ಏನಮ್ಮಾ, ತುಪ್ಪ ಕಾಸಿದ್ಯಾ?"